ನೈಸರ್ಗಿಕ ಸಂಯುಕ್ತಗಳ ಸಂಶ್ಲೇಷಣೆ ಮತ್ತು ಕ್ಯಾನ್ಸರ್ ಔಷಧ ಶೋಧ: ಮಂಗಳೂರು

ಗಿಡ, ಸ್ಪಂಜು, ಬ್ಯಾಕ್ಟೀರಿಯ, ಶಿಲೀಂಧ್ರಗಳು ತಮ್ಮ ಒಡಲಲ್ಲಿ ತಯಾರಿಸಿಕೊಳ್ಳುವ ಅಣುಗಳನ್ನು ಪ್ರಯೋಗಾಲಯದಲ್ಲಿ ಸರಳ ರಾಸಾಯನಿಕಗಳಿಂದ ಕಟ್ಟುವುದನ್ನು ನೈಸರ್ಗಿಕ ಸಂಯುಕ್ತಗಳ ಸಂಶ್ಲೇಷಣೆ ಎನ್ನುತ್ತಾರೆ. ಹಾಗೆ ಕಟ್ಟಿದ ಅಣು ಕ್ಯಾನ್ಸರ್ ಜೀವಕೋಶವನ್ನು ತಡೆಯಬಲ್ಲದೇ ಎಂದು ನೋಡುವ ಕೆಲಸ ಮಂಗಳೂರಿನ ಹೊರವಲಯದ ಕೊಣಾಜೆ ಮತ್ತು ದೇರಳಕಟ್ಟೆಯ ಗುಡ್ಡಗಳ ಮೇಲೆ ಈ ಶತಮಾನದ ಆರಂಭದಿಂದಲೂ ನಡೆದಿದೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ರಸಾಯನವಿಜ್ಞಾನ ವಿಭಾಗ ಮತ್ತು ನಿಟ್ಟೆ ಸಂಸ್ಥೆಯ ಎನ್‌.ಜಿ.ಎಸ್‌.ಎಂ. ಔಷಧ ವಿಜ್ಞಾನ ಕಾಲೇಜು ಇದರ ಎರಡು ನೆಲೆಗಳು. ಈ ಕೆಲಸವನ್ನು ಅಳೆಯುವಾಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: ಇದರಿಂದ ಔಷಧ ಬಂತೇ? ಪ್ರಶ್ನೆ ನ್ಯಾಯವಾದದ್ದು, ಆದರೆ ಸಾಲದು. ಸಂಶ್ಲೇಷಣೆಯ ನಿಜವಾದ ಬೆಲೆ ಪ್ರಕೃತಿಯ ಅಣುವಿನ ಒಂದು ನಕಲನ್ನು ತಯಾರಿಸುವುದರಲ್ಲಿ ಮುಗಿಯುವುದಿಲ್ಲ. ಅಣುವನ್ನು ಕಟ್ಟಲು ಬಲ್ಲವನಿಗೆ ಅದನ್ನು ತಿದ್ದಲೂ ಬರುತ್ತದೆ. ತಿದ್ದಿದಾಗಲೇ ಅದರ ಯಾವ ಭಾಗ ಕೆಲಸ ಮಾಡುತ್ತಿದೆ, ಯಾವ ಭಾಗ ವಿಷ, ಯಾವುದು ಬರೀ ಭಾರ ಎಂಬುದು ತಿಳಿಯುತ್ತದೆ. ಕ್ಯಾನ್ಸರಿಗೆ ಪ್ರಕೃತಿಯಿಂದ ಬಂದ ಔಷಧಗಳ ಚರಿತ್ರೆಯನ್ನು ನೋಡಿದರೆ, ಸಿಕ್ಕಿದ ರೂಪದಲ್ಲೇ ರೋಗಿಯನ್ನು ತಲುಪಿದವುಗಳ ಜೊತೆಗೆ ತಿದ್ದುಪಡಿಯಾಗಿ ತಲುಪಿದವುಗಳೂ ಹಲವು.

ಮಂಗಳೂರಿನ ಕೆಲಸದಲ್ಲಿ ಎದ್ದುಕಾಣುವುದು ಚಕ್ರೀಯ ಪೆಪ್ಟೈಡುಗಳ ಸಂಶ್ಲೇಷಣೆ. ಅಮೈನೊ ಆಮ್ಲಗಳು ಒಂದಕ್ಕೊಂದು ಬೆಸೆದು ಆದ ಸರಪಣಿ ಪೆಪ್ಟೈಡ್. ಅದರ ತಲೆ ಬಾಲಗಳನ್ನೂ ಬೆಸೆದರೆ ಚಕ್ರ. ನಮ್ಮ ಕರುಳಿನಲ್ಲೂ ರಕ್ತದಲ್ಲೂ ಇರುವ ಹಲವು ಕಿಣ್ವಗಳು ಪೆಪ್ಟೈಡನ್ನು ತುದಿಯಿಂದ ಕಡಿಯುತ್ತ ಬರುತ್ತವೆ. ಚಕ್ರಕ್ಕೆ ತುದಿಯೇ ಇಲ್ಲವಾದ್ದರಿಂದ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಅಲ್ಲದೆ ಅದರ ಆಕಾರವೂ ಸರಪಣಿಯಷ್ಟು ಓಲಾಡುವುದಿಲ್ಲ. ಕೊಣಾಜೆಯ ಬೋಜ ಪೂಜಾರಿ ಅವರು ಎಸ್. ಎಲ್. ಬೆಳಗಲಿ ಅವರೊಂದಿಗೆ ಯುನ್ನಾನಿನ್ ಎಫ್ ಮತ್ತು ಹೈಮೆನಿಸ್ಟಾಟಿನ್ ಎಂಬ ಎರಡು ಅಷ್ಟಪೆಪ್ಟೈಡುಗಳ ಸಂಶ್ಲೇಷಣೆಯನ್ನು 2005ರಲ್ಲಿ ಯುರೋಪಿಯನ್ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿದರು. ಮೊದಲನೆಯದು ಚೀನಾದ ಯುನ್ನಾನ್ ಸೀಮೆಯ ಸ್ಟೆಲ್ಲೇರಿಯಾ ಗಿಡದ ಬೇರಿನಲ್ಲಿ ಸಿಕ್ಕಿದ್ದು. ಎರಡನೆಯದನ್ನು ಪೆಸಿಫಿಕ್ ಸಾಗರದ ಪಲಾವು ದ್ವೀಪದ ಸ್ಪಂಜಿನಿಂದ ಅಮೆರಿಕದ ಜಾರ್ಜ್ ಪೆಟಿಟ್ ತಂಡ ಬೇರ್ಪಡಿಸಿ, ಇಲಿಯ ರಕ್ತ ಕ್ಯಾನ್ಸರಿನ ಪಿ-388 ಜೀವಕೋಶಗಳ ಬೆಳವಣಿಗೆಯನ್ನು ಅದು ತಡೆಯುತ್ತದೆಂದು 1990ರಲ್ಲಿ ವರದಿ ಮಾಡಿತ್ತು. ದೇರಳಕಟ್ಟೆಯಲ್ಲಿ ಎಂ. ಹಿಮಜಾ, ರಾಜೀವ್ ದಾಹಿಯಾ ಮೊದಲಾದವರೂ ಇದೇ ದಾರಿಯಲ್ಲಿ ನಡೆದರು. ನಮ್ಮ ಸೀತಾಫಲದ ಬಂಧುವಾದ ಚೆರಿಮೋಯದ ಬೀಜದಲ್ಲಿ ಸಿಗುವ ಚಕ್ರೀಯ ಪೆಪ್ಟೈಡು ದಾಹಿಯಾ ಅವರು ಕಟ್ಟಿದವುಗಳಲ್ಲಿ ಒಂದು.

ಈ ಕಟ್ಟುವಿಕೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದರಲ್ಲೇ ಮುಂದಿನ ವಾದದ ಬೀಜವಿದೆ. ಪ್ರತಿ ಅಮೈನೊ ಆಮ್ಲಕ್ಕೂ ಎರಡು ಕೈ: ಒಂದು ಅಮೈನ್, ಇನ್ನೊಂದು ಕಾರ್ಬಾಕ್ಸಿಲ್. ಎರಡನ್ನೂ ತೆರೆದಿಟ್ಟು ಬೆರೆಸಿದರೆ ಯಾವುದು ಯಾವುದಕ್ಕೆ ಅಂಟಿತೆಂದು ಹೇಳಲಾಗದ ಕಲಬೆರಕೆಯಾಗುತ್ತದೆ. ಆದ್ದರಿಂದ ಅಮೈನನ್ನು ಬಾಕ್ ಎಂಬ ರಕ್ಷಕ ಗುಂಪಿನಿಂದಲೂ ಕಾರ್ಬಾಕ್ಸಿಲನ್ನು ಮೀಥೈಲ್ ಎಸ್ಟರ್ ಆಗಿಸಿಯೂ ಮುಚ್ಚಿ, ಬೇಕಾದ ಕೈಯನ್ನು ಮಾತ್ರ ಬಿಚ್ಚಿ ಬೆಸೆಯುತ್ತಾರೆ. ಎರಡೆರಡು ಸೇರಿ ನಾಲ್ಕು, ನಾಲ್ಕು ನಾಲ್ಕು ಸೇರಿ ಎಂಟು. ಹೀಗೆ ತುಣುಕುಗಳನ್ನು ಜೋಡಿಸಿದ ಮೇಲೆ ಸರಪಣಿಯ ಒಂದು ತುದಿಯನ್ನು ಪ್ಯಾರಾ-ನೈಟ್ರೋಫಿನೈಲ್ ಎಸ್ಟರ್ ಮಾಡಿ ಚುರುಕುಗೊಳಿಸಿ, ಇನ್ನೊಂದು ತುದಿಯನ್ನು ಬಿಚ್ಚಿ, ತೀರ ತೆಳುವಾದ ದ್ರಾವಣದಲ್ಲಿ ದಿನಗಟ್ಟಲೆ ತಣ್ಣಗೆ ಬಿಡುತ್ತಾರೆ. ದ್ರಾವಣ ತೆಳುವಾಗಿರಬೇಕಾದ ಕಾರಣ ಸರಳ: ಅಣುಗಳು ಒತ್ತೊತ್ತಾಗಿದ್ದರೆ ಒಂದರ ಬಾಲ ಪಕ್ಕದ್ದರ ತಲೆಗೆ ಅಂಟಿ ಉದ್ದವಾಗುತ್ತ ಹೋಗುತ್ತದೆ, ದೂರ ದೂರವಿದ್ದರೆ ತನ್ನ ತಲೆಯೇ ಹತ್ತಿರದ್ದು. ಕಟ್ಟುವ ಕೆಲಸಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಗಾಜಿನ ಪಾತ್ರೆ, ಶುದ್ಧ ದ್ರಾವಕ, ತಾಳ್ಮೆ ಸಾಕು; ಕೊನೆಗೆ ರಚನೆ ಸರಿಯಾಗಿದೆಯೇ ಎಂದು ನೋಡಲು ಮಾತ್ರ ಎನ್‌ಎಂಆರ್ ಮತ್ತು ದ್ರವ್ಯರಾಶಿ ರೋಹಿತ ಬೇಕು. ಸಾಧಾರಣ ಅನುದಾನದ ರಾಜ್ಯ ವಿಶ್ವವಿದ್ಯಾಲಯವೊಂದು ಜಗತ್ತಿನ ಇನ್ನೊಂದು ಮೂಲೆಯ ಸ್ಪಂಜಿನ ಅಣುವನ್ನು ಕೈಗೆತ್ತಿಕೊಳ್ಳಲು ಸಾಧ್ಯವಾದದ್ದು ಹೀಗೆ. ಎಂಟು ಜಾಗಗಳಲ್ಲಿ ಯಾವುದಕ್ಕಾದರೂ ಬೇರೆ ಅಮೈನೊ ಆಮ್ಲವನ್ನು ಕೂರಿಸುವ ಸ್ವಾತಂತ್ರ್ಯ ಈ ಕ್ರಮದಲ್ಲಿ ಮೊದಲ ಹೆಜ್ಜೆಯಿಂದಲೇ ಇದೆ ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ಸ್ಪಂಜು ಕೊಡುವುದು ಒಂದೇ ಅಣು. ಅದನ್ನು ಕಟ್ಟುವ ವಿಧಾನ ಕೊಡುವುದು ಒಂದು ಕುಟುಂಬವನ್ನೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಂಥ ಪೆಪ್ಟೈಡುಗಳನ್ನು ಪರೀಕ್ಷಿಸುವುದು ಬಹುಮಟ್ಟಿಗೆ ಡಾಲ್ಟನ್ ಲಿಂಫೋಮಾ, ಎರ್ಲಿಶ್ ಕಾರ್ಸಿನೋಮ ಎಂಬ ಇಲಿಯ ಉದರದ್ರವದಲ್ಲಿ ಬೆಳೆಯುವ ಗೆಡ್ಡೆ ಕೋಶಗಳ ಮೇಲೆ. ಅಣುವನ್ನು ಕೋಶಗಳೊಂದಿಗೆ ಬೆರೆಸಿಟ್ಟು ಟ್ರಿಪಾನ್ ನೀಲಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಬಣ್ಣವನ್ನು ಹೊರಗಿಡುತ್ತದೆ, ಸತ್ತದ್ದು ನೀಲಿಯಾಗುತ್ತದೆ. ಇದರಿಂದ ತಿಳಿಯುವುದು ಕೋಶ ಸತ್ತಿತು ಎಂಬಷ್ಟೇ. ಕೋಶ ಸಾಬೂನಿನಿಂದಲೂ ಸಾಯುತ್ತದೆ. ಆರೋಗ್ಯವಂತ ಕೋಶ ಉಳಿಯುತ್ತದೆಯೇ, ಅಣು ಯಾವ ಪ್ರೋಟೀನಿಗೆ ಅಂಟುತ್ತದೆ, ನುಂಗಿದರೆ ರಕ್ತ ಸೇರುತ್ತದೆಯೇ, ಪಿತ್ತಜನಕಾಂಗ ಅದನ್ನು ಎಷ್ಟು ಹೊತ್ತಿಗೆ ಒಡೆಯುತ್ತದೆ ಎಂಬ ಯಾವ ಪ್ರಶ್ನೆಗೂ ಆ ನೀಲಿಯಲ್ಲಿ ಉತ್ತರವಿಲ್ಲ. ಈ ಆಕ್ಷೇಪವನ್ನು ಪೂರ್ಣವಾಗಿ ಒಪ್ಪಬೇಕು. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಕ್ಯಾನ್ಸರಿಗೆ ಮದ್ದು ಪತ್ತೆ’ ಎಂಬ ತಲೆಬರಹಗಳು ಈ ದೂರವನ್ನು ಮರೆಸಿ ರೋಗಿಗಳಿಗೆ ಕೇಡು ಮಾಡುತ್ತವೆ. ಆದರೆ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಮೊದಲ ಪರೀಕ್ಷೆಯಲ್ಲಿ ತೋರಿದ ಅಣುವೇ ಕೊನೆಗೆ ಔಷಧವಾಗಬೇಕೆಂಬ ನಿರೀಕ್ಷೆಯೇ ತಪ್ಪು. ಹೈಮೆನಿಸ್ಟಾಟಿನ್ ಕಂಡುಹಿಡಿದ ಅದೇ ಪೆಟಿಟ್ ತಂಡದ ಇನ್ನೊಂದು ಕತೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಿಂದೂ ಮಹಾಸಾಗರದ ಡೊಲಬೆಲ್ಲ ಎಂಬ ಸಮುದ್ರ ಮೃದ್ವಂಗಿಯಿಂದ ಅವರು ಡೊಲಸ್ಟಾಟಿನ್ 10 ಎಂಬ ಪೆಪ್ಟೈಡನ್ನು ಬೇರ್ಪಡಿಸಿ 1987ರಲ್ಲಿ ಅದರ ರಚನೆ ಪ್ರಕಟಿಸಿದರು. ಟನ್‌ ಲೆಕ್ಕದ ಪ್ರಾಣಿರಾಶಿಯಿಂದ ದೊರೆತದ್ದು ಮಿಲಿಗ್ರಾಂ ಲೆಕ್ಕದ ವಸ್ತು. ಸಂಶ್ಲೇಷಣೆ ಇಲ್ಲದೆ ಮುಂದಿನ ಹೆಜ್ಜೆಯೇ ಸಾಧ್ಯವಿರಲಿಲ್ಲ. ಸಂಶ್ಲೇಷಣೆಯಾಯಿತು, ರೋಗಿಗಳ ಮೇಲೆ ಪರೀಕ್ಷೆಯೂ ಆಯಿತು, ಡೊಲಸ್ಟಾಟಿನ್ ಸೋತಿತು. ಗೆಡ್ಡೆಯನ್ನು ಕುಗ್ಗಿಸುವಷ್ಟು ಕೊಟ್ಟರೆ ರೋಗಿ ತಾಳುತ್ತಿರಲಿಲ್ಲ. ಆದರೆ ಅದನ್ನು ಕಟ್ಟಲು ಕಲಿತವರು ಅದರ ತುದಿಗಳನ್ನು ಬದಲಿಸಿ ಆರಿಸ್ಟಾಟಿನ್ ಎಂಬ ಕೃತಕ ಬಂಧುಗಳನ್ನು ಮಾಡಿದರು, ಅವುಗಳಲ್ಲೊಂದನ್ನು ಕ್ಯಾನ್ಸರ್ ಕೋಶವನ್ನು ಗುರುತಿಸುವ ಪ್ರತಿಕಾಯಕ್ಕೆ ಕಟ್ಟಿದರು. ಹಾಜ್‌ಕಿನ್ ಲಿಂಫೋಮಾಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಅದೇ. ಸಮುದ್ರದ ಅಣು ಸೋತಿತು, ಅದನ್ನು ತಿದ್ದುವ ವಿದ್ಯೆ ಗೆದ್ದಿತು.

ಈ ವಾದಕ್ಕೆ ಇನ್ನೂ ಹತ್ತಿರದ ಸಾಕ್ಷ್ಯ ಕರಾವಳಿಯ ಅಡುಗೆಮನೆಯಲ್ಲೂ ಗೇರು ಕಾರ್ಖಾನೆಯಲ್ಲೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಪಿ-300 ಎಂಬ ಕಿಣ್ವವನ್ನು ಅಭ್ಯಸಿಸುತ್ತಿತ್ತು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಿಗೆ ಅಸಿಟೈಲ್ ಗುಂಪನ್ನು ಅಂಟಿಸಿ ಜೀನುಗಳನ್ನು ತೆರೆದಿಡುವುದು ಈ ಕಿಣ್ವದ ಕೆಲಸ. ಹಲವು ಕ್ಯಾನ್ಸರುಗಳಲ್ಲಿ ಇದರ ಹದ ತಪ್ಪಿರುತ್ತದೆ. 2003ರಲ್ಲಿ ಆ ತಂಡ ಗೇರುಬೀಜದ ಸಿಪ್ಪೆ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ ಪಿ-300ನ್ನು ತಡೆಯುತ್ತದೆ ಎಂದು ತೋರಿಸಿತು. 2004ರಲ್ಲಿ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಸಹ ತಡೆಯುತ್ತವೆ ಎಂದು ತೋರಿಸಿತು. ಮಂಗಳೂರಿನವರು ದಿನವೂ ಕಾಣುವ ಮೂರು ಪದಾರ್ಥಗಳು ಒಂದೇ ಕಿಣ್ವದ ಬಾಗಿಲಲ್ಲಿ ಸೇರಿದ್ದು ನಿಜಕ್ಕೂ ರೋಚಕ. ಆದರೆ ಈ ಮೂರರಲ್ಲಿ ಒಂದೂ ಆ ಕಿಣ್ವವೊಂದನ್ನೇ ತಡೆಯುವ ಶಿಸ್ತಿನ ಅಣುವಲ್ಲ. ಗಾರ್ಸಿನಾಲ್ ಪಿಸಿಎಎಫ್ ಎಂಬ ಬೇರೆ ಕಿಣ್ವವನ್ನೂ ತಡೆಯುತ್ತದೆ, ಕೋಶಕ್ಕೆ ವಿಷವೂ ಹೌದು. ಅದೇ ತಂಡ ಗಾರ್ಸಿನಾಲನ್ನು ಐಸೊಗಾರ್ಸಿನಾಲ್ ಆಗಿಸಿ, ಅದರ ಒಂದು ಹೈಡ್ರಾಕ್ಸಿಲ್ ಗುಂಪನ್ನು ಮುಚ್ಚಿ ಎಲ್‌ಟಿಕೆ-14 ಎಂಬ ಅಣುವನ್ನು ಮಾಡಿ 2007ರಲ್ಲಿ ಪ್ರಕಟಿಸಿತು. ಇದು ಪಿ-300ನ್ನು ತಡೆಯಿತು, ಪಿಸಿಎಎಫನ್ನು ಬಿಟ್ಟಿತು, ವಿಷವೂ ಇಳಿಯಿತು. ಹಣ್ಣು ಕೊಡದ ವಿವೇಚನೆಯನ್ನು ರಸಾಯನಶಾಸ್ತ್ರಜ್ಞ ಕೊಟ್ಟದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಪುನರ್ಪುಳಿಯ ಅಣುವನ್ನು ಆರಂಭದಿಂದ ಕಟ್ಟುವ ಪೂರ್ಣ ಸಂಶ್ಲೇಷಣೆಯನ್ನು ಜರ್ಮನಿಯ ಬೆರ್ಂಡ್ ಪ್ಲೀಟ್ಕರ್ ತಂಡ 2015ರಲ್ಲಿ ಪ್ರಕಟಿಸಿತು; ಮೂರು ಆಯಾಮಗಳಲ್ಲಿ ಅದರ ಪರಮಾಣುಗಳ ಜೋಡಣೆ ಎತ್ತ ತಿರುಗಿದೆ ಎಂಬುದು ಖಚಿತವಾದದ್ದೂ ಆ ಸಂಶ್ಲೇಷಣೆಯಿಂದಲೇ.

ಗೇರಿನ ಅಣುವಿನ ಹಾದಿ ಇನ್ನೂ ವಿಸ್ಮಯಕರ. ಅನಾಕಾರ್ಡಿಕ್ ಆಮ್ಲವೆಂದರೆ ಆಸ್ಪಿರಿನ್ನಿನ ಮೂಲವಾದ ಸ್ಯಾಲಿಸಿಲಿಕ್ ಆಮ್ಲಕ್ಕೆ ಹದಿನೈದು ಕಾರ್ಬನ್ನುಗಳ ಉದ್ದನೆಯ ಬಾಲ ಸೇರಿದ ರೂಪ. ಬೀಜವನ್ನು ಹುರಿಯುವ ಬಿಸಿಗೆ ಅದು ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಆಗಿಬಿಡುತ್ತದೆ. ಬ್ರೇಕ್ ಲೈನಿಂಗ್, ಬಣ್ಣ, ರಾಳಗಳಿಗೆ ಹೋಗುವುದು ಈ ಕಾರ್ಡನಾಲ್. ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿ ಕಾರ್ಡೊಲೈಟ್ ಕಂಪೆನಿಯ ಘಟಕ ನಡೆಯುತ್ತಿರುವುದು ಈ ಸಿಪ್ಪೆ ಎಣ್ಣೆಯ ರಸಾಯನದ ಮೇಲೆಯೇ. ಆಮ್ಲವೇ ಬೇಕಾದವರು ಸಿಪ್ಪೆಯನ್ನು ಬಿಸಿ ಮಾಡದೆ ದ್ರಾವಕದಲ್ಲಿ ಎಣ್ಣೆ ತೆಗೆದು, ಕ್ಯಾಲ್ಸಿಯಂ ಲವಣವಾಗಿ ಒತ್ತರಿಸಿ ಬೇರ್ಪಡಿಸಬೇಕು. ಬೆಂಗಳೂರಿನ ವಿಠಲ್ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನದವರು 2001ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಕುಂಡು ತಂಡ ಈ ಆಮ್ಲವನ್ನು ಅಮೈಡ್ ಆಗಿ ಬದಲಿಸಿದಾಗ ಸಿಕ್ಕ ಸಿಟಿಪಿಬಿ ಎಂಬ ಅಣು ಪಿ-300ನ್ನು ತಡೆಯಲಿಲ್ಲ, ಬದಲಾಗಿ ಚುರುಕುಗೊಳಿಸಿತು. ಪ್ರಕೃತಿ ಕೊಟ್ಟದ್ದು ಕಿಣ್ವವನ್ನು ನಂದಿಸುವ ಅಣು. ತಿದ್ದಿದ್ದಕ್ಕೆ ಅದೇ ಹೊತ್ತಿಸುವ ಅಣುವಾಯಿತು. ಮುಂದೆ ಆ ಉದ್ದನೆಯ ಬಾಲವನ್ನೂ ಕತ್ತರಿಸಿ ಮಾಡಿದ ಟಿಟಿಕೆ-21 ಕ್ಯಾನ್ಸರಿನಿಂದ ದೂರ ಸರಿದು, ನೆನಪು ಮತ್ತು ಬೆನ್ನುಹುರಿಯ ಗಾಯದ ಪ್ರಾಣಿ ಪ್ರಯೋಗಗಳಲ್ಲಿ ಫಲ ತೋರಿತು. ಕಷಾಯ ಕುದಿಸುತ್ತ ಕುಳಿತವರಿಗಾಗಲಿ ಎಣ್ಣೆ ಮಾರುತ್ತ ಕುಳಿತವರಿಗಾಗಲಿ ಈ ತಿರುವು ಕಾಣುವುದು ಸಾಧ್ಯವೇ ಇರಲಿಲ್ಲ.

ಕಷಾಯದ ಮಾತು ಬಂದಾಗ ಎರಡನೆಯ ಆಕ್ಷೇಪವನ್ನು ಎದುರಿಸಬೇಕು. ಇಡೀ ಬೇರು, ಇಡೀ ಹಣ್ಣು ಕೆಲಸ ಮಾಡುವುದು ಅದರೊಳಗಿನ ಹಲವು ಅಂಶಗಳ ಒಗ್ಗಟ್ಟಿನಿಂದ. ಒಂದು ಅಣುವನ್ನು ಹೆಕ್ಕಿ ತೆಗೆದು, ತಿರುಚಿ, ಅದನ್ನೇ ಔಷಧವೆನ್ನುವುದು ಸೊಕ್ಕು ಎಂದು ಹಲವರು ಪ್ರಾಮಾಣಿಕವಾಗಿ ನಂಬುತ್ತಾರೆ. ಸಾರದಲ್ಲಿ ಅಂಶಗಳು ಒಂದಕ್ಕೊಂದು ನೆರವಾಗಬಹುದೆಂಬುದನ್ನು ತಳ್ಳಿಹಾಕುವಂತಿಲ್ಲ. ಆದರೆ ಕ್ಯಾನ್ಸರಿನಲ್ಲಿ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕೂದಲೆಳೆಯಷ್ಟು. ಅಂಗಳದ ನಿತ್ಯಪುಷ್ಪದ ಎಲೆಯಲ್ಲಿರುವ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯ ಬೆನ್ನೆಲುಬು. ಅದನ್ನು ವಯಸ್ಕರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ ಕೊಡುತ್ತಾರೆ, ಮೀರಿದರೆ ನರಗಳು ಕೆಡುತ್ತವೆ. ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ನೂರಾರು ಕಿಲೋ ಒಣ ಎಲೆ ಬೇಕು. ಮಳೆ, ಮಣ್ಣು, ಕೊಯ್ದ ತಿಂಗಳು ಬದಲಾದಂತೆ ಎಲೆಯ ಅಂಶ ಬದಲಾಗುವಾಗ ಎಲೆಯ ಕಷಾಯದಲ್ಲಿ ಆ ಎರಡು ಮಿಲಿಗ್ರಾಮನ್ನು ಯಾರೂ ಅಳೆಯಲಾರರು. ಅರಿಶಿನದ ವಿಷಯದಲ್ಲಂತೂ ಹೊಗಳಿಕೆಗೂ ಸಾಕ್ಷ್ಯಕ್ಕೂ ನಡುವಿನ ಕಂದಕ ನೋವು ತರುವಷ್ಟಿದೆ. ಕರ್ಕ್ಯುಮಿನ್ನಿನ ಸಂಶ್ಲೇಷಣೆ ಪೋಲೆಂಡಿನ ರಸಾಯನಶಾಸ್ತ್ರಜ್ಞರಿಂದ 1910ರ ದಶಕದಲ್ಲೇ ಆಗಿದೆ. 1964ರಲ್ಲಿ ಪಾಬೊನ್ ಕೊಟ್ಟ ಸುಲಭ ವಿಧಾನದಲ್ಲಿ ಇಂದಿಗೂ ಅದನ್ನು, ಅದರ ನೂರಾರು ಬಂಧುಗಳನ್ನು ಕಟ್ಟುತ್ತಾರೆ. ಆದರೆ ಆ ಅಣು ಸ್ವಲ್ಪ ಕ್ಷಾರವಿದ್ದರೂ ಒಡೆಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ, ಪರೀಕ್ಷೆಯ ಕೊಳವೆಯಲ್ಲಿ ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಸುಳ್ಳು ಯಶಸ್ಸನ್ನು ತೋರಿಸುತ್ತದೆ. ಮನುಷ್ಯರ ಮೇಲೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು 2017ರಲ್ಲಿ ಪರಿಶೀಲಿಸಿದ ಕ್ಯಾಥ್ರಿನ್ ನೆಲ್ಸನ್ ಮತ್ತು ಸಂಗಡಿಗರು, ಇಮ್ಮಡಿ ಮುಸುಕಿನ ಕಟ್ಟುನಿಟ್ಟಿನ ಪ್ರಯೋಗ ಒಂದರಲ್ಲೂ ಅದು ಗೆದ್ದಿಲ್ಲವೆಂದರು. ಅರಿಶಿನ ಸಾರಿಗೆ, ಸಂಸ್ಕಾರಕ್ಕೆ, ಚರ್ಮಕ್ಕೆ ಇರಲಿ; ಕೀಮೋ ಬಿಟ್ಟು ಅರಿಶಿನ ತಿನ್ನುವಂತೆ ಹೇಳುವ ಸಲಹೆಯನ್ನು ಮಾತ್ರ ಯಾರೂ ಕೇಳಬಾರದು.

ಹಾಗಾದರೆ ಗಿಡದಿಂದಲೇ ಶುದ್ಧ ಅಣುವನ್ನು ತೆಗೆದರಾಯಿತು, ಪ್ರಯೋಗಾಲಯದ ಮೂವತ್ತು ನಲವತ್ತು ಹೆಜ್ಜೆಗಳ ದುಬಾರಿ ಸಾಹಸ ಏಕೆ ಎಂದು ಕೇಳಬಹುದು. ಪೂರೈಕೆಯೊಂದೇ ಗುರಿಯಾದರೆ ಈ ಆಕ್ಷೇಪ ಸರಿ. ಯೂ ಮರದ ತೊಗಟೆಯ ಟ್ಯಾಕ್ಸಾಲ್ ಅನ್ನು ರಾಬರ್ಟ್ ಹೋಲ್ಟನ್ ಮತ್ತು ಕೆ. ಸಿ. ನಿಕೊಲಾವು ತಂಡಗಳು 1994ರಲ್ಲಿ ಪೂರ್ಣವಾಗಿ ಕಟ್ಟಿದವು, ಆದರೆ ರೋಗಿಗೆ ಸಿಕ್ಕ ಟ್ಯಾಕ್ಸಾಲ್ ಆ ದಾರಿಯಲ್ಲಿ ಬರಲಿಲ್ಲ. ಮೊದಲು ತೊಗಟೆಯಿಂದಲೇ, ಬಳಿಕ ಯೂ ಮರದ ಎಲೆಯಲ್ಲಿ ಸಿಗುವ ಅರ್ಧ ಕಟ್ಟಿದ ಅಣುವಿಗೆ ಉಳಿದದ್ದನ್ನು ಜೋಡಿಸುವ ಅರೆ ಸಂಶ್ಲೇಷಣೆಯಿಂದ, ಆಮೇಲೆ ಸಸ್ಯಕೋಶ ಕೃಷಿಯಿಂದ ಬಂತು. ಅದೇ ಅರೆ ಸಂಶ್ಲೇಷಣೆಯ ದಾರಿಯಲ್ಲಿ ಫ್ರಾನ್ಸಿನ ಪಿಯೇರ್ ಪೋಟಿಯೆ ತಂಡಕ್ಕೆ ಪ್ರಕೃತಿಯಲ್ಲಿಲ್ಲದ ಡೋಸಿಟ್ಯಾಕ್ಸೆಲ್ ಸಿಕ್ಕಿತು ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಘಟ್ಟದ ಕತೆಯೂ ಹೀಗೆಯೇ. ದುರ್ವಾಸನೆ ಮರವೆಂದು ಕರೆಯುವ ನೋಥಪೊಡೈಟಿಸ್‌ನಲ್ಲಿ ಕ್ಯಾಂಪ್ಟೊಥೆಸಿನ್ ಧಾರಾಳವಾಗಿದೆ ಎಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. ಮೊದಲು ಚೀನಾದ ಮರವೊಂದರಿಂದ 1966ರಲ್ಲಿ ಬೇರ್ಪಟ್ಟ ಈ ಅಣುವಿನ ಸೋಡಿಯಂ ಲವಣವನ್ನು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ನೀರಿನಲ್ಲಿ ಕರಗುವಂತೆ ತಿದ್ದಿದ ಟೋಪೊಟೆಕನ್ ಮತ್ತು ಇರಿನೊಟೆಕನ್ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಅವುಗಳ ಕಚ್ಚಾವಸ್ತು ಇಂದಿಗೂ ಮರವೇ, ಆದ್ದರಿಂದ ಘಟ್ಟದ ಕಾಡಿನಲ್ಲಿ ಆ ಮರ ಬೇರುಸಹಿತ ಕಡಿತಕ್ಕೆ ಗುರಿಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಹೋದ್ಯೋಗಿಗಳು ಯಾವ ಮರದಲ್ಲಿ ಎಷ್ಟು ಅಂಶವಿದೆ ಎಂದು ಘಟ್ಟದುದ್ದಕ್ಕೂ ಅಳೆದು, ಕಾಡು ಬರಿದಾಗದಂತೆ ಹೆಚ್ಚು ಅಂಶದ ತಳಿಗಳನ್ನು ಬೆಳೆಸುವ ಹಾದಿ ಹುಡುಕಿದರು. ಮರ ಬೇಕು, ರಸಾಯನವೂ ಬೇಕು. ಆದರೆ ರೋಗಿಯನ್ನು ತಲುಪಿದ್ದು ಮರದ ಅಣುವಲ್ಲ ಎಂಬುದು ಇಲ್ಲಿಯೂ ಸತ್ಯ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಅದು ಎದುರು ದಿಕ್ಕಿನಿಂದ ಬರುತ್ತದೆ. ತಿದ್ದುವುದೇ ಮುಖ್ಯವಾದರೆ ಪ್ರಕೃತಿಯ ಹಂಗೇಕೆ? 2017ರಲ್ಲಿ ಪ್ರಕಟವಾದ ಎ-485 ಎಂಬ ಪಿ-300 ಪ್ರತಿಬಂಧಕ ಗಣಕಯಂತ್ರದಲ್ಲಿ ಲಕ್ಷಾಂತರ ಅಣುಗಳನ್ನು ಜರಡಿ ಹಿಡಿದು ಆರಿಸಿದ ಕೃತಕ ರಚನೆಯಿಂದ ಬಂದದ್ದು. ಗೇರು, ಪುನರ್ಪುಳಿ, ಅರಿಶಿನದ ಅಣುಗಳಿಗೆ ಮೈಕ್ರೋಮೋಲಾರ್ ಪ್ರಮಾಣ ಬೇಕಾದ ಕಡೆ ಇದಕ್ಕೆ ಸುಮಾರು ಸಾವಿರ ಪಟ್ಟು ಕಡಿಮೆ ಪ್ರಮಾಣ ಸಾಕು. ಕೊಣಾಜೆಯಲ್ಲೇ ಬಿ. ಶಿವರಾಮ ಹೊಳ್ಳ ಅವರ ಬಳಗ 2003ರಲ್ಲಿ ಕ್ಯಾನ್ಸರ್ ಪರೀಕ್ಷೆಗೆ ಒಡ್ಡಿದ ಟ್ರೈಯಜೋಲ್ ಸಂಯುಕ್ತಗಳಿಗೂ ಯಾವ ಗಿಡದ ಮೂಲವೂ ಇರಲಿಲ್ಲ. ಪ್ರಕೃತಿಯೇ ಏಕಮಾತ್ರ ದಾರಿ ಎಂದು ಹೇಳುವವರನ್ನು ಈ ಉದಾಹರಣೆಗಳು ಸೋಲಿಸುತ್ತವೆ. ಆದರೆ ಪಿ-300ನ್ನು ಸಣ್ಣ ಅಣುವೊಂದು ಕೋಶದೊಳಗೇ ತಡೆಯಬಹುದೆಂಬ ಆರಂಭದ ಪುರಾವೆಗಳಲ್ಲಿ ಗಾರ್ಸಿನಾಲ್ ಮತ್ತು ಕರ್ಕ್ಯುಮಿನ್ನಿನವೂ ಸೇರಿದ್ದವು. ಟ್ಯಾಕ್ಸಾಲ್ ಸಿಗುವ ಮೊದಲು, ಕೋಶದ ಟ್ಯೂಬುಲಿನ್ ಎಳೆಗಳನ್ನು ಬಿಗಿಹಿಡಿದು ಕ್ಯಾನ್ಸರನ್ನು ನಿಲ್ಲಿಸಬಹುದೆಂದು ಯಾರೂ ಊಹಿಸಿರಲಿಲ್ಲ; ಕ್ಯಾಂಪ್ಟೊಥೆಸಿನ್ ಇಲ್ಲದಿದ್ದರೆ ಟೋಪೊಐಸೋಮರೇಸ್ ಎಂಬ ಕಿಣ್ವ ಔಷಧದ ಗುರಿಯೆಂದು ಹೊಳೆಯುವುದು ಬಹಳ ತಡವಾಗುತ್ತಿತ್ತು. ಎಲ್ಲಿ ಹೊಡೆಯಬೇಕೆಂಬುದನ್ನು ಪ್ರಕೃತಿಯ ಅಣುಗಳು ಮತ್ತೆ ಮತ್ತೆ ತೋರಿಸಿವೆ.

ಅಣುವಿನಿಂದ ಔಷಧದವರೆಗಿನ ಸರಪಣಿಯ ಹಲವು ಕೊಂಡಿಗಳು ಮಂಗಳೂರಿನ ಆಸುಪಾಸಿನಲ್ಲೇ ಇವೆ. ಕೊಣಾಜೆಯಲ್ಲಿ ಸಂಶ್ಲೇಷಣೆ ಬಲ್ಲವರಿದ್ದಾರೆ. ದೇರಳಕಟ್ಟೆಯಲ್ಲಿ ಔಷಧ ಕಾಲೇಜೂ ವೈದ್ಯಕೀಯ ಕಾಲೇಜುಗಳೂ ಒಂದೇ ರಸ್ತೆಯಲ್ಲಿವೆ. ಅತ್ತಾವರ, ಕಂಕನಾಡಿಯ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಮಲೆನಾಡಿನಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ವಿಶೇಷ ಆರ್ಥಿಕ ವಲಯದಲ್ಲಿ ಸಿಂಜೀನ್ ಕಂಪೆನಿಯ ಔಷಧ ಮೂಲವಸ್ತು ತಯಾರಿಕಾ ಘಟಕವಿದೆ. ಬಲವಾಗಬೇಕಾದದ್ದು ನಡುವಿನ ಹೆಜ್ಜೆಗಳು: ನೀಲಿ ಬಣ್ಣದ ಪರೀಕ್ಷೆಯಲ್ಲಿ ತೇರ್ಗಡೆಯಾದ ಅಣುವನ್ನು ಮನುಷ್ಯರ ವಿವಿಧ ಗೆಡ್ಡೆ ಕೋಶಗಳ ಮೇಲೂ ಆರೋಗ್ಯವಂತ ಕೋಶಗಳ ಮೇಲೂ ಒಟ್ಟಿಗೆ ನೋಡುವುದು, ಅದು ಅಂಟುವ ಗುರಿಯನ್ನು ಗುರುತಿಸುವುದು, ಪಿತ್ತಜನಕಾಂಗದ ಕಿಣ್ವಗಳಲ್ಲಿ ಎಷ್ಟು ನಿಮಿಷ ಉಳಿಯುತ್ತದೆಂದು ಅಳೆಯುವುದು, ಆ ಉತ್ತರಗಳನ್ನು ಹಿಡಿದು ಅದೇ ಚಕ್ರದ ಒಂದೊಂದು ಜಾಗವನ್ನೂ ಬದಲಿಸಿ ಮತ್ತೆ ಕಟ್ಟುವುದು. ಹತ್ತು ಬೇರೆ ಬೇರೆ ನೈಸರ್ಗಿಕ ಪೆಪ್ಟೈಡುಗಳನ್ನು ಒಂದೊಂದು ಸಲ ಕಟ್ಟಿ ಹತ್ತು ಲೇಖನ ಪ್ರಕಟಿಸುವುದಕ್ಕಿಂತ ಒಂದೇ ಪೆಪ್ಟೈಡಿನ ಹತ್ತು ರೂಪಾಂತರಗಳನ್ನು ಕಟ್ಟಿ ಹೋಲಿಸುವುದು ಕ್ಯಾನ್ಸರ್ ಶೋಧಕ್ಕೆ ಹೆಚ್ಚು ಹತ್ತಿರದ ಕೆಲಸ. ಪಿಎಚ್.ಡಿ. ವಿದ್ಯಾರ್ಥಿಯ ಅವಧಿ, ಲೇಖನಗಳ ಸಂಖ್ಯೆಯನ್ನೇ ಎಣಿಸುವ ಬಡ್ತಿಯ ನಿಯಮ, ಅಲ್ಪಾವಧಿಯ ಅನುದಾನ ಇವೆಲ್ಲ ಮೊದಲನೆಯದರ ಪರವಾಗಿವೆ; ಎರಡನೆಯದಕ್ಕೆ ಬೇಕಾದ ಗಾಜಿನ ಪಾತ್ರೆ, ದ್ರಾವಕ ಮತ್ತು ಕೈಚಳಕ ಕೊಣಾಜೆಯಲ್ಲೂ ದೇರಳಕಟ್ಟೆಯಲ್ಲೂ ಆಗಲೇ ಇವೆ.